ಕಲೆ ಉಬ್ಬಿ ಗಟ್ಟಿಯಾಗಿದೆಯೇ? ಸ್ಟೆಮ್ ಸೆಲ್‌ಗೆ ರೊಕ್ಕ ಕಟ್ಟುವ ಮೊದಲು ಇಷ್ಟು ಮಾಡಿ

ನನ್ನ ತಂಗಿಯ ಎಡಗೈ ಮೇಲೆ ಮಣಿಕಟ್ಟಿನಿಂದ ಮೊಣಕೈ ತನಕ ಒಂದು ಕಲೆ ಇದೆ. ಮಿರ್ಚಿ ಭಜಿ ಕರಿಯುವಾಗ ಕಡಾಯಿ ಹೊರಳಿ ಎಣ್ಣೆ ಬಿದ್ದದ್ದು. ಗಾಯ ಮಾಯಲು ಐದು ವಾರ ಹಿಡಿಯಿತು. ಮಾಯಿತಲ್ಲ, ಮುಗಿಯಿತು ಎಂದುಕೊಂಡೆವು. ಎರಡು ತಿಂಗಳಾದ ಮೇಲೆ ಅದು ಉಬ್ಬತೊಡಗಿತು. ಕೆಂಪಗೆ, ಗಟ್ಟಿಯಾಗಿ, ಹಗ್ಗ ಹೊಸೆದು ಚರ್ಮದ ಕೆಳಗೆ ಇಟ್ಟ ಹಾಗೆ. ರಾತ್ರಿಯೆಲ್ಲ ತುರಿಕೆ. ಉದ್ದ ತೋಳಿನ ಕುಪ್ಪಸ ಇಲ್ಲದೆ ಅವಳು ಯಾರ ಮದುವೆಗೂ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ದೊಡ್ಡ ಊರಿನ ಒಂದು ಕ್ಲಿನಿಕ್. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಮೂರು ಸಲ ಕೊಟ್ಟರೆ ಕಲೆ ಪೂರ್ತಿ ಹೋಗುತ್ತದೆ, 1,80,000 ರೂಪಾಯಿ ಆಗುತ್ತದೆ ಎಂದರು. ಅವ್ವ ಬಂಗಾರ ಅಡ ಇಡಲು ತಯಾರಾದಳು. ನಾವು 20,000 ಮುಂಗಡ ಕಟ್ಟಿಯೂ ಬಿಟ್ಟೆವು. ಅದು ವಾಪಸ್ ಬರಲಿಲ್ಲ.

ನಾನು ಕಲಬುರಗಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಡಾಕ್ಟರ್ ಅಲ್ಲ. ಆದರೆ ಆ 20,000 ಹೋದ ಮೇಲೆ ಕೂತು ಓದಿದೆ, ಚರ್ಮದ ಡಾಕ್ಟರ್ ಹತ್ತಿರ ಹತ್ತಾರು ಪ್ರಶ್ನೆ ಕೇಳಿದೆ. ನಮ್ಮ ಭಾಗದಲ್ಲಿ ಇದೇ ದಾರಿಯಲ್ಲಿ ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಅಂತ ಅಲೆಯುವ ಮನೆಗಳು ಬಹಳ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಲೆಯನ್ನು ನೋಡಿ, ಫೋಟೋ ತೆಗೆಯಿರಿ

ಎಲ್ಲ ಉಬ್ಬಿದ ಕಲೆಯೂ ಒಂದೇ ಜಾತಿ ಅಲ್ಲ. ಮುಖ್ಯವಾಗಿ ಎರಡು. ಒಂದು, ಗಾಯ ಎಷ್ಟು ಅಗಲ ಇತ್ತೋ ಅಷ್ಟರೊಳಗೇ ಉಬ್ಬುವುದು. ಇದಕ್ಕೆ ಹೈಪರ್‌ಟ್ರೋಫಿಕ್ ಸ್ಕಾರ್ ಎನ್ನುತ್ತಾರೆ. ಇದು ಒಂದೆರಡು ವರ್ಷದಲ್ಲಿ ತಾನಾಗಿಯೇ ಸ್ವಲ್ಪ ತಗ್ಗುವುದುಂಟು. ಇನ್ನೊಂದು ಕೆಲಾಯ್ಡ್. ಅದು ಗಾಯದ ಗಡಿ ದಾಟಿ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ, ತಾನಾಗಿ ಕರಗುವುದು ಬಲು ಅಪರೂಪ. ಕಿವಿಯ ಹಾಲೆ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆ, ಇವು ಕೆಲಾಯ್ಡ್ ಜಾಸ್ತಿ ಬರುವ ಜಾಗಗಳು. ಕಿವಿ ಚುಚ್ಚಿಸಿದ್ದಕ್ಕೆ, ಮೊಡವೆಗೆ, ತೋಳಿನ ಬಿಸಿಜಿ ಲಸಿಕೆಗೆ ಕೂಡ ಬರುತ್ತದೆ. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ, ಕಪ್ಪು ಚರ್ಮದವರಲ್ಲಿ, ಮನೆಯಲ್ಲಿ ಬೇರೆಯವರಿಗೂ ಬಂದಿದ್ದರೆ ಸಾಧ್ಯತೆ ಹೆಚ್ಚು. ಅವ್ವನಿಗೋ ಸೋದರಮಾವನಿಗೋ ಇಂಥ ಗಂಟು ಇದೆಯಾ ಅಂತ ಕೇಳಿಟ್ಟುಕೊಳ್ಳಿ. ಡಾಕ್ಟರ್ ಮೊದಲು ಕೇಳುವುದೇ ಇದನ್ನು.

ಹದಿನೈದು ದಿನಕ್ಕೊಮ್ಮೆ ಒಂದು ಫೋಟೋ ತೆಗೆಯಿರಿ. ಅದೇ ಕಿಟಕಿ, ಅದೇ ಹೊತ್ತು, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ. ಆಗಷ್ಟೇ ಅದು ಬೆಳೆಯುತ್ತಿದೆಯೋ ತಗ್ಗುತ್ತಿದೆಯೋ ಗೊತ್ತಾಗುತ್ತದೆ. ದಿನಾ ನೋಡುವ ಕಣ್ಣಿಗೆ ಅದು ತಿಳಿಯುವುದಿಲ್ಲ.

ಯಾಕೆ ಉಬ್ಬುತ್ತದೆ, ಸ್ಟೆಮ್ ಸೆಲ್ ಏನು ಮಾಡಬಹುದು

ಗಾಯ ಆದಾಗ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲಾಜೆನ್ ಎಂಬ ನಾರು ಹೆಣೆದು ಸೀಳನ್ನು ಮುಚ್ಚುತ್ತವೆ. ಇವರು ನಮ್ಮ ಗೌಂಡಿಗಳಿದ್ದ ಹಾಗೆ. ಗೋಡೆ ಎದ್ದ ಮೇಲೆ ಕೆಲಸ ನಿಲ್ಲಿಸಿ ಹೋಗಬೇಕು. ಉಬ್ಬಿದ ಕಲೆಯಲ್ಲಿ ಅವರು ಹೋಗುವುದಿಲ್ಲ, ಗೋಡೆ ಮೇಲೆ ಗೋಡೆ ಕಟ್ಟುತ್ತಲೇ ಇರುತ್ತಾರೆ. "ಕಟ್ಟು" ಎಂದು ಹೇಳುವ ಸಂಕೇತಗಳಲ್ಲಿ ಮುಖ್ಯವಾದದ್ದು ಟಿಜಿಎಫ್-ಬೀಟಾ 1. ಗಾಯದಲ್ಲಿ ಉರಿಯೂತ (ಕೆಂಪಾಗಿ ಊದಿಕೊಂಡು ಬಿಸಿಯಾಗುವುದು) ಎಷ್ಟು ದಿನ ಉಳಿಯುತ್ತದೋ ಅಷ್ಟು ದಿನ ಆ ಸಂಕೇತ ಹೋಗುತ್ತಲೇ ಇರುತ್ತದೆ. ನನ್ನ ತಂಗಿಯ ಗಾಯ ಐದು ವಾರ ಹಸಿಯಾಗಿ ಇದ್ದದ್ದೇ ದೊಡ್ಡ ಕಾರಣ ಎಂದು ಡಾಕ್ಟರ್ ಹೇಳಿದರು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಚರ್ಮಕ್ಕೆ ಸುಮಾರು 24 ವಾರದ ಒಳಗೆ ಗಾಯವಾದರೆ ಕಲೆಯೇ ಉಳಿಯದೆ ಕೂಡಿಕೊಳ್ಳುತ್ತದೆ. ಅಂದರೆ ಕಲೆ ಇಲ್ಲದೆ ಮಾಯುವ ವಿದ್ಯೆ ನಮ್ಮ ಮೈಗೆ ಒಂದು ಕಾಲದಲ್ಲಿ ಗೊತ್ತಿತ್ತು. ಅದನ್ನು ದೊಡ್ಡವರ ಚರ್ಮದಲ್ಲಿ ಮತ್ತೆ ಎಬ್ಬಿಸಬಹುದಾ ಅನ್ನುವ ಆಸೆಯೂ ಈ ಸಂಶೋಧನೆಯ ಹಿಂದೆ ಇದೆ.

ಕಲೆಗೆ ಬಳಸಿ ನೋಡುತ್ತಿರುವುದು ಹೆಚ್ಚಾಗಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಕೋಶಗಳನ್ನು. ಮೂಳೆಯ ಮಜ್ಜೆ, ಹೊಟ್ಟೆಯ ಕೊಬ್ಬು, ಹೆರಿಗೆಯಲ್ಲಿ ಸಿಗುವ ಹೊಕ್ಕುಳ ಬಳ್ಳಿ, ಹೆಚ್ಚಾಗಿ ಈ ಮೂರು ಕಡೆಯಿಂದ ತೆಗೆಯುತ್ತಾರೆ. ಕೊಬ್ಬಿನಲ್ಲಿ ಇಂಥ ಕೋಶಗಳಿವೆ ಎಂದು ತೋರಿಸಿದ ಮುಖ್ಯ ವರದಿ ಬಂದದ್ದು 2001ರಲ್ಲಿ. ಅಲ್ಲಿಂದ ಮುಂದೆ ಕೊಬ್ಬಿನ ಕಡೆ ಎಲ್ಲರ ಕಣ್ಣು ಬಿತ್ತು, ಯಾಕೆಂದರೆ ತೆಗೆಯುವುದು ಮಜ್ಜೆಗಿಂತ ಸುಲಭ.

ಈ ಕೋಶಗಳು ಹೋಗಿ ಹೊಸ ಚರ್ಮ ಆಗಿಬಿಡುತ್ತವೆ ಎಂದು ಜಾಹೀರಾತಿನಲ್ಲಿ ಹೇಳುತ್ತಾರಲ್ಲ, ಅದು ತಪ್ಪು ತಿಳಿವಳಿಕೆ. ಹಾಕಿದ ಕೋಶಗಳಲ್ಲಿ ಬಹಳಷ್ಟು ಹೆಚ್ಚು ದಿನ ಉಳಿಯುವುದೇ ಇಲ್ಲ. ಇದ್ದಷ್ಟು ದಿನ ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತವೆ: ಉರಿಯೂತ ತಗ್ಗಿಸು, ಕೊಲಾಜೆನ್ ಸಾಕು, ಹಳೆಯದನ್ನು ಒಡೆ. ಮೇಸ್ತ್ರಿ ಬಂದು ಗೌಂಡಿಗಳಿಗೆ ಕೆಲಸ ನಿಲ್ಲಿಸಿ ಎಂದ ಹಾಗೆ. 1991ರಲ್ಲಿ ಈ ಕೋಶಗಳಿಗೆ ಸ್ಟೆಮ್ ಸೆಲ್ ಎಂಬ ಹೆಸರನ್ನು ಬಳಕೆಗೆ ತಂದ ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ ಮುಂದೆ 2017ರಲ್ಲಿ, ಆ ಹೆಸರು ಜನರನ್ನು ದಾರಿ ತಪ್ಪಿಸುತ್ತಿದೆ, ಬದಲಾಯಿಸಿ ಎಂದು ಬರೆದರು.

ಈ ಸಂಕೇತಗಳನ್ನು ಕೋಶಗಳು ಎಕ್ಸೋಸೋಮ್ ಎಂಬ ಬಹಳ ಸಣ್ಣ ಚೀಲಗಳಲ್ಲೂ ತುಂಬಿ ಕಳಿಸುತ್ತವೆ. ಹಾಗಾಗಿ ಕೋಶ ಬಿಟ್ಟು ಬರೀ ಎಕ್ಸೋಸೋಮ್ ಹಾಕಿದರೆ ಹೇಗೆ ಎಂದೂ ನೋಡುತ್ತಿದ್ದಾರೆ. ಮೊಲದ ಕಿವಿಯಲ್ಲಿ ಉಬ್ಬಿದ ಕಲೆ ಬರುವಂತೆ ಮಾಡಿ ಅದರಲ್ಲಿ ಸ್ಟೆಮ್ ಸೆಲ್ ಹಾಕಿದಾಗ ಕಲೆ ತೆಳ್ಳಗಾದದ್ದು ಹಲವು ಸಲ ಕಂಡಿದೆ. ಇದು ಸುಳ್ಳಲ್ಲ. ನನಗೂ ಇದರ ಮೇಲೆ ನಂಬಿಕೆ ಇದೆ. ಆದರೆ ಮನುಷ್ಯರಲ್ಲಿ ಆಗಿರುವ ಅಧ್ಯಯನಗಳು ಸಣ್ಣವು, ಒಬ್ಬರು ಬಳಸಿದ ಕೋಶ ಇನ್ನೊಬ್ಬರು ಬಳಸಿಲ್ಲ, ಅಳತೆ ಬೇರೆ, ಕೊಟ್ಟ ಸಮಯ ಬೇರೆ. ಜೊತೆಗೆ ಕೆಲಾಯ್ಡ್ ಗಂಟಿನೊಳಗೇ ಸ್ಟೆಮ್ ಸೆಲ್ ಥರದ ಕೋಶಗಳು ಸಿಕ್ಕಿವೆ, ಗಂಟು ಮತ್ತೆ ಮತ್ತೆ ಬೆಳೆಯಲು ಅವೂ ಕಾರಣ ಇರಬಹುದು ಎಂಬ ಅನುಮಾನವಿದೆ. ಹಾಗಿರುವಾಗ ಅಲ್ಲಿಗೆ ಇನ್ನಷ್ಟು ಕೋಶ ಸುರಿಯುವುದು ಯೋಚಿಸಿ ಮಾಡುವ ಕೆಲಸ.

ಸ್ಟೆಮ್ ಸೆಲ್ ಎಂದು ಮಾರುವ ಬೇರೆ ಬೇರೆ ಸಾಮಾನು

ಕ್ರೀಮ್ ಡಬ್ಬಿಯ ಮೇಲೆ ಸೇಬಿನ ಸ್ಟೆಮ್ ಸೆಲ್ ಎಂದು ಬರೆದಿರುತ್ತದೆ. ಅದು ಗಿಡದ ಸಾರ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇರುವ ಡಬ್ಬಿಯಲ್ಲಿ ಯಾವ ಜೀವಕೋಶವೂ ಬದುಕಿರುವುದಿಲ್ಲ ಅಲ್ವಾ? ಪಿಆರ್‌ಪಿ ಕೂಡ ಸ್ಟೆಮ್ ಸೆಲ್ ಅಲ್ಲ. ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಮತ್ತೆ ಚುಚ್ಚುವುದು ಅದು.

ಎಕ್ಸೋಸೋಮ್ ಈಗ ಎಲ್ಲ ಕಡೆ ಓಡುತ್ತಿರುವ ಹೆಸರು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಒಪ್ಪಿಗೆ ಇಲ್ಲದ ಎಕ್ಸೋಸೋಮ್ ಹಾಕಿಸಿಕೊಂಡವರಿಗೆ ಗಂಭೀರ ತೊಂದರೆ ಆಗಿತ್ತು.

ಕೊಬ್ಬು ಹಾಕುವುದು ಮಾತ್ರ ಸ್ವಲ್ಪ ಬೇರೆ ಮಾತು. ಪ್ಲಾಸ್ಟಿಕ್ ಸರ್ಜನ್ ನಿಮ್ಮ ಹೊಟ್ಟೆಯಿಂದ ಕೊಬ್ಬು ತೆಗೆದು, ಸೋಸಿ, ಕಲೆಯ ಕೆಳಗೆ ತುಂಬುತ್ತಾರೆ. ಇದನ್ನು ಬಹಳ ವರ್ಷಗಳಿಂದ ಮಾಡುತ್ತಾರೆ. ಒಳಗೆ ಅಂಟಿಕೊಂಡ, ಎಳೆಯುವ, ನೋಯುವ ಕಲೆ ಮೆತ್ತಗಾದದ್ದುಂಟು. ಕೊಬ್ಬನ್ನು ಇನ್ನೂ ನುಣ್ಣಗೆ ಮಾಡಿದರೆ ನ್ಯಾನೋಫ್ಯಾಟ್ ಎನ್ನುತ್ತಾರೆ, ಅದು 2013ರಿಂದ ಈಚೆಗೆ ಬಂದದ್ದು. ಆದರೆ ಅದೇ ಕೊಬ್ಬಿಗೆ ಎಂಜೈಮ್ ಹಾಕಿ ಕರಗಿಸಿ ಕೋಶಗಳನ್ನಷ್ಟೇ ಬೇರ್ಪಡಿಸಿದರೆ ಅಥವಾ ಲ್ಯಾಬಿನಲ್ಲಿ ಬೆಳೆಸಿದರೆ, ನಮ್ಮ ದೇಶದ ನಿಯಮದ ಪ್ರಕಾರ ಅದು ಸಂಶೋಧನೆ ಆಗುತ್ತದೆ. ಇನ್ನೊಂದು ಮಾತು, ಕೆಲಾಯ್ಡ್ ಬರುವ ಮೈಗೆ ಪ್ರತಿ ಚುಚ್ಚೂ ಒಂದು ಗಾಯ. ಕೊಬ್ಬು ತೆಗೆದ ತೂತಿನಲ್ಲೇ ಹೊಸ ಗಂಟು ಏಳಬಹುದು. ಇದನ್ನು ನಮಗೆ ಆ ಕ್ಲಿನಿಕ್‌ನಲ್ಲಿ ಯಾರೂ ಹೇಳಲಿಲ್ಲ.

ಚರ್ಮದ ವಿಷಯದಲ್ಲಿ ಸ್ಟೆಮ್ ಸೆಲ್ ನಿಜವಾಗಿ ಗೆದ್ದ ಕಥೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 2015ರಲ್ಲಿ ಜರ್ಮನಿಯ ಬೋಖಮ್ ಊರಿನ ಆಸ್ಪತ್ರೆಗೆ ಸಿರಿಯಾದಿಂದ ಬಂದ ಏಳು ವರ್ಷದ ಹುಡುಗನೊಬ್ಬ ಸೇರಿದ. ಹುಟ್ಟಿನಿಂದ ಬಂದ ಕಾಯಿಲೆಯಿಂದ ಅವನ ಚರ್ಮದ ಹೆಚ್ಚಿನ ಭಾಗ ಸುಲಿದು ಹೋಗಿತ್ತು. ಇಟಲಿಯ ಮಿಕೆಲೆ ದೆ ಲೂಕಾ ಅವರ ತಂಡ ಅವನದೇ ಚರ್ಮದ ಕೋಶ ತೆಗೆದು, ತಪ್ಪಿದ್ದ ಜೀನ್ ಸರಿಮಾಡಿ, ಲ್ಯಾಬಿನಲ್ಲಿ ಹಾಳೆ ಹಾಳೆಯಾಗಿ ಬೆಳೆಸಿ, ಮೈಯ ಸುಮಾರು ನೂರಕ್ಕೆ 80 ಭಾಗ ಹೊದಿಸಿತು. ಹುಡುಗ ಬದುಕಿದ, ಶಾಲೆಗೂ ಹೋದ. ಆದರೆ ಅದು ಚರ್ಮವೇ ಇಲ್ಲದವನಿಗೆ ಚರ್ಮ ಕೊಟ್ಟದ್ದು. ನಮ್ಮದು ಬೇಡದಷ್ಟು ಬೆಳೆದ ಕಲೆ. ಆ ಹುಡುಗನ ಕಥೆ ಹೇಳಿ ನಿಮಗೆ ಇಂಜೆಕ್ಷನ್ ಮಾರಿದರೆ ಒಪ್ಪಬೇಡಿ.

ರೊಕ್ಕ ಕೇಳಿದವರಿಗೆ ಏನು ಕೇಳಬೇಕು

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಸ್ಟೆಮ್ ಸೆಲ್ ಮಾರ್ಗಸೂಚಿ ತಂದಿವೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಕಸಿಯಂಥದ್ದು ಒಪ್ಪಿದ ಚಿಕಿತ್ಸೆ. ಉಳಿದದ್ದೆಲ್ಲ, ಜನರ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡುವ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್ ಎಂಬ ಸ್ಟೆಮ್ ಸೆಲ್ ಔಷಧಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಬರ್ಜರ್ ಕಾಯಿಲೆ ಮುಂತಾದವುಗಳಿಂದ ಕಾಲಿಗೆ ರಕ್ತ ಹೋಗದೆ ಹುಣ್ಣಾಗುವ ತೊಂದರೆಗೆ. ಅಂದರೆ ಒಪ್ಪಿಗೆ ಸಿಕ್ಕರೂ ಕಾಯಿಲೆಯ ಹೆಸರು ಹಿಡಿದು ಸಿಗುತ್ತದೆ. ಕಲೆಯ ಹೆಸರು ಅದರಲ್ಲಿ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆ: "ಇದು ಟ್ರಯಲ್ ಆದರೆ ಸಿಟಿಆರ್‌ಐ ನಂಬರ್ ಕೊಡಿ." ಸಿಟಿಆರ್‌ಐ ಎಂದರೆ ದೇಶದ ಎಲ್ಲ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ದಾಖಲೆ. 2007ರಲ್ಲಿ ಶುರುವಾಯಿತು, ಯಾರು ಬೇಕಾದರೂ ಬಿಟ್ಟಿ ನೋಡಬಹುದು. ನಂಬರಿನಲ್ಲಿ ವರ್ಷ, ತಿಂಗಳು, ಕೊನೆಗೆ ಆರು ಅಂಕಿ ಇರುತ್ತವೆ. ಅದನ್ನು ಹಾಕಿ ಹುಡುಕಿ. ಯಾವ ಕಾಯಿಲೆಗೆ, ಯಾವ ಊರಿನಲ್ಲಿ, ಯಾವ ಡಾಕ್ಟರ್, ನೈತಿಕ ಸಮಿತಿಯ ಒಪ್ಪಿಗೆ ಆಗಿದೆಯಾ, ಎಲ್ಲ ಅದರಲ್ಲೇ ಕಾಣುತ್ತದೆ. ಮೊಣಕಾಲಿನ ಟ್ರಯಲ್ ನಂಬರ್ ತೋರಿಸಿ ಕಲೆಗೆ ರೊಕ್ಕ ಕೇಳಿದರೆ ಅಲ್ಲೇ ಗೊತ್ತಾಗಿಬಿಡುತ್ತದೆ. ನಂಬರ್ ಇಲ್ಲದಿದ್ದರೂ ಕೆಲಾಯ್ಡ್, ಹೈಪರ್‌ಟ್ರೋಫಿಕ್ ಸ್ಕಾರ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೀವೇ ಟ್ರಯಲ್ ಹುಡುಕಬಹುದು.

ಎರಡನೆಯದು ರೊಕ್ಕ. ಟ್ರಯಲ್‌ಗೆ ಸೇರಿದವರಿಂದ ಆ ಪ್ರಯೋಗದ ಚಿಕಿತ್ಸೆಗೆ ಹಣ ತೆಗೆದುಕೊಳ್ಳಬಾರದು. ಟ್ರಯಲ್ ಎಂದೂ ಹೇಳಿ ಲಕ್ಷವನ್ನೂ ಕೇಳಿದರೆ ಎದ್ದು ಬನ್ನಿ.

ಆಮೇಲೆ ಕೇಳಿ: ಕೋಶ ಯಾರದು, ಮೈಯ ಯಾವ ಭಾಗದ್ದು, ಯಾವ ಲ್ಯಾಬಿನಲ್ಲಿ ತಯಾರಾಯಿತು? ಸೋಂಕಾದರೆ, ಗಂಟು ಇನ್ನೂ ದೊಡ್ಡದಾದರೆ ಯಾರು ನೋಡುತ್ತಾರೆ? ಉತ್ತರ ಕಾಗದದ ಮೇಲೆ ಕೊಡುತ್ತೀರಾ? ನಮಗೆ ಕಾಗದ ಕೇಳುವ ಧೈರ್ಯ ಬರಲಿಲ್ಲ, ಅವರು ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿದರು, ನಾವು ಸುಮ್ನೆ ತಲೆ ಆಡಿಸಿದೆವು.

ಮೊದಲು ಮತ್ತು ಆಮೇಲೆ ಎಂದು ತೋರಿಸುವ ಫೋಟೋ ಬಗ್ಗೆ ಒಂದು ಮಾತು. ಸುಟ್ಟ ಗಾಯದ ಉಬ್ಬು ಒಂದೆರಡು ವರ್ಷದಲ್ಲಿ ಏನೂ ಮಾಡದಿದ್ದರೂ ಎಷ್ಟೋ ಜನರಿಗೆ ತಗ್ಗುತ್ತದೆ ಎಂದು ಮೇಲೆ ಹೇಳಿದೆ. ಆ ಫೋಟೋಗಳ ನಡುವೆ ಎಷ್ಟು ತಿಂಗಳು ಇದೆ, ಕಲೆಗೆ ಸಿಲಿಕೋನ್ ಹಾಳೆ ಅಥವಾ ಜೆಲ್ ಹಚ್ಚಿದ್ದರಾ, ಬೇರೆ ಇಂಜೆಕ್ಷನ್ ಕೊಟ್ಟಿದ್ದರಾ ಎಂದು ಕೇಳಿ.

ಈಗ, ಇಲ್ಲೇ ಆಗುವ ಚಿಕಿತ್ಸೆ

ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ, ಎಲ್ಲವೂ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನೆಗಳು. ಚರ್ಮದ ಒಪಿಡಿಗೆ ಚೀಟಿ ಮಾಡಿಸಿ. ಕಲೆ ಕೀಲಿನ ಮೇಲಿದ್ದು ಕೈ ಪೂರ್ತಿ ಚಾಚಲು ಬರದಿದ್ದರೆ ಪ್ಲಾಸ್ಟಿಕ್ ಸರ್ಜನ್ ಮತ್ತು ಫಿಸಿಯೋಥೆರಪಿ ಬೇಕೇ ಬೇಕು. ಅದನ್ನು ಮುಂದೂಡಬೇಡಿ.

ಗಾಯ ಪೂರ್ತಿ ಮುಚ್ಚಿದ ಕೂಡಲೇ ಶುರು ಮಾಡಬೇಕಾದದ್ದು ಸಿಲಿಕೋನ್. ಹಾಳೆ ಸಿಗುತ್ತದೆ, ಜೆಲ್ ಸಿಗುತ್ತದೆ. ಹಾಳೆಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು, ಕಡಿಮೆ ಎಂದರೂ ಮೂರು ತಿಂಗಳು ಹಾಕಬೇಕು. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಇದು ಕಷ್ಟ, ಒಳಗೆ ಬೆವರು ನಿಂತು ಗುಳ್ಳೆ ಏಳುತ್ತವೆ. ತಂಗಿ ಮೊದಲ ವಾರ ದಿನಕ್ಕೆ ನಾಲ್ಕು ಗಂಟೆ ಹಾಕಿ ಆಮೇಲೆ ಹೆಚ್ಚಿಸಿದಳು. ಬೆಳಿಗ್ಗೆ, ಸಂಜೆ ಕೈಯನ್ನೂ ಹಾಳೆಯನ್ನೂ ಸೌಮ್ಯ ಸಾಬೂನಿನಲ್ಲಿ ತೊಳೆದು ಒಣಗಿಸುತ್ತಿದ್ದಳು. ಗುಳ್ಳೆ ಬಂದ ದಿನ ಹಾಳೆ ಬಿಟ್ಟು, ಕಡಿಮೆಯಾದ ಮೇಲೆ ಜೆಲ್. ದೊಡ್ಡ ಸುಟ್ಟ ಕಲೆಗೆ ಅಳತೆ ತೆಗೆದು ಹೊಲಿದ ಬಿಗಿ ತೋಳು ಕೊಡುತ್ತಾರೆ, ಪ್ರೆಶರ್ ಗಾರ್ಮೆಂಟ್ ಎಂದು. ಸ್ನಾನದ ಹೊತ್ತು ಬಿಟ್ಟು ದಿನಕ್ಕೆ 23 ಗಂಟೆ, ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ.

ಉಬ್ಬು ಗಟ್ಟಿಯಾಗಿಬಿಟ್ಟಿದ್ದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಕಲೆಯೊಳಗೇ ಚುಚ್ಚುತ್ತಾರೆ. ಒಂದು ಎಂಎಲ್‌ಗೆ 10ರಿಂದ 40 ಮಿಲಿಗ್ರಾಂ ಇರುತ್ತದೆ, ನಾಲ್ಕರಿಂದ ಆರು ವಾರಕ್ಕೊಮ್ಮೆ. ನೋವು ನಿಜವಾಗಿಯೂ ಜೋರು. ನೋವು ತಿಳಿಯದ ಕ್ರೀಮ್ ಮೊದಲೇ ಹಚ್ಚಿ ಎಂದು ಕೇಳಿ, ಸಂಕೋಚ ಬೇಡ. ಚರ್ಮ ತೆಳ್ಳಗಾಗಬಹುದು, ಬಣ್ಣ ಬಿಳಿಚಬಹುದು, ಶುಗರ್ ಇದ್ದವರಿಗೆ ಕೆಲವು ದಿನ ಏರಬಹುದು. ಬರೀ ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ 5-ಎಫ್‌ಯು ಎಂಬ ಔಷಧ ಸೇರಿಸುತ್ತಾರೆ, ಬಸುರಿ ಇದ್ದರೆ ಅದನ್ನು ಕೊಡುವುದಿಲ್ಲ, ಹಾಗಾಗಿ ಮುಚ್ಚಿಡಬೇಡಿ. ತಣ್ಣನೆಯ ದ್ರವ ನೈಟ್ರೋಜನ್, ಲೇಸರ್ ಕೂಡ ಇವೆ.

ಕೆಲಾಯ್ಡ್ ಅನ್ನು ಬರೀ ಕತ್ತರಿಸಿ ಹೊಲಿಗೆ ಹಾಕಿಸಿಕೊಳ್ಳಬೇಡಿ. ಹಾಗೆ ಮಾಡಿದವರಲ್ಲಿ ನೂರಕ್ಕೆ 45ರಿಂದ 100ರಷ್ಟು ಜನರಿಗೆ ಮತ್ತೆ ಬಂದದ್ದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ, ಮೊದಲಿಗಿಂತ ದೊಡ್ಡದಾಗಿ ಬಂದದ್ದೂ ಇದೆ. ಕತ್ತರಿಸಲೇಬೇಕಾದರೆ ಅದರ ಹಿಂದೆಯೇ ಸ್ಟೀರಾಯ್ಡ್, ಕಿವಿಗಾದರೆ ಒತ್ತುವ ಕ್ಲಿಪ್, ಇಲ್ಲವೇ ಒಂದೆರಡು ದಿನದೊಳಗೆ ಸ್ವಲ್ಪ ರೇಡಿಯೇಶನ್ ಇರಬೇಕು. ನಮ್ಮಲ್ಲಿ ರೇಡಿಯೇಶನ್ ಅಂದ ಕೂಡಲೇ ಕಿದ್ವಾಯಿ ನೆನಪಾಗಿ ಜನ ಹೆದರುತ್ತಾರೆ. ಕೆಲಾಯ್ಡ್ ಕ್ಯಾನ್ಸರ್ ಅಲ್ಲ. ಅದರ ಲಾಭ, ಅಪಾಯ ಎರಡನ್ನೂ ಚಾಕು ಹಾಕುವ ಮೊದಲೇ ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಇನ್ನೂ ಕಲೆ ಆಗದವರಿಗೆ

ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ಟೂತ್‌ಪೇಸ್ಟ್, ಮಸಿ, ಸುಣ್ಣ ಯಾವುದೂ ಬೇಡ. ನಾವು ಪೇಸ್ಟ್ ಹಚ್ಚಿದೆವು, ಅದನ್ನು ದವಾಖಾನೆಯಲ್ಲಿ ತೆಗೆಯುವಾಗ ತಂಗಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಸುಟ್ಟ ಗಾಯ ಎರಡರಿಂದ ಮೂರು ವಾರದಲ್ಲಿ ಮುಚ್ಚದಿದ್ದರೆ ಅದು ಉಬ್ಬುವ ಸಾಧ್ಯತೆ ಬಹಳ. ಹದಿನಾಲ್ಕನೇ ದಿನಕ್ಕೂ ಹಸಿ ಇದ್ದರೆ ಚರ್ಮ ಕಸಿ ಬೇಕಾ ಎಂದು ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ನಮಗೆ ಇದೊಂದು ಮಾತು ಆಗ ಗೊತ್ತಿದ್ದರೆ ಈ ಅಲೆದಾಟ ಅರ್ಧ ತಪ್ಪುತ್ತಿತ್ತು.

ಕಾಮಾಲೆ ಅಂತ, ಹೊಟ್ಟೆ ಉಬ್ಬರ ಅಂತ ಕೂಸುಗಳಿಗೆ ಬರೆ ಹಾಕಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ನನ್ನ ತರಗತಿಯಲ್ಲೇ ಹೊಟ್ಟೆ ಮೇಲೆ ಬರೆಯ ದಪ್ಪ ಗುರುತು ಹೊತ್ತ ಮಕ್ಕಳಿದ್ದಾರೆ. ದಯವಿಟ್ಟು ಹಾಕಿಸಬೇಡಿ. ಕಾಮಾಲೆಗೆ ಅದರಿಂದ ಏನೂ ಆಗುವುದಿಲ್ಲ, ಕಲೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಮನೆಯಲ್ಲಿ ಕೆಲಾಯ್ಡ್ ಇದ್ದರೆ ಕಿವಿಯ ಮೇಲ್ಭಾಗಕ್ಕೆಲ್ಲ ಎರಡು ಮೂರು ಕಡೆ ಚುಚ್ಚಿಸುವುದೂ ಬೇಡ.

ತಂಗಿಗೆ ಈವರೆಗೆ ಏಳು ಇಂಜೆಕ್ಷನ್ ಆಗಿವೆ. ಕಲೆ ಚರ್ಮದ ಮಟ್ಟಕ್ಕೆ ಇಳಿದಿದೆ, ಬಣ್ಣ ಅಲ್ಲಲ್ಲಿ ಬಿಳಿಚಿದೆ, ತುರಿಕೆ ಬೇಸಿಗೆಯಲ್ಲಿ ಮಾತ್ರ. ಮೊನ್ನೆ ಅರ್ಧ ತೋಳಿನ ಕುಪ್ಪಸ ಹೊಲಿಸಿಕೊಂಡಳು. ನಾನು ಮಾತ್ರ ಎರಡು ತಿಂಗಳಿಗೊಮ್ಮೆ ಸಿಟಿಆರ್‌ಐ ತೆಗೆದು ಕಲೆಯ ಟ್ರಯಲ್ ಏನಾದರೂ ಬಂದಿದೆಯಾ ಎಂದು ನೋಡುತ್ತಿರುತ್ತೇನೆ. ಅವಳಿಗೆ ಇನ್ನು ಬೇಕಾಗಲಿಕ್ಕಿಲ್ಲ, ಆದರೆ ಮುಖದ ಮೇಲೆ ಕಲೆ ಹೊತ್ತ ಒಬ್ಬ ವಿದ್ಯಾರ್ಥಿನಿ ನನಗಿದ್ದಾಳೆ. ನಿಮಗೂ ಅಂಥ ಟ್ರಯಲ್ ಸಿಕ್ಕರೆ, ಒಪ್ಪಿಗೆ ಪತ್ರವನ್ನು ನಿಮಗೆ ಬರುವ ಭಾಷೆಯಲ್ಲೇ, ಕನ್ನಡವೋ ಉರ್ದುವೋ, ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಅಲ್ಲೇ ಸಹಿ ಹಾಕಬೇಡಿ. ಮನೆಗೆ ತನ್ನಿ, ನಿಮ್ಮನ್ನು ನೋಡುತ್ತಿರುವ ಚರ್ಮದ ಡಾಕ್ಟರಿಗೆ ತೋರಿಸಿ, ಜೊತೆಗೆ ನಾಣ್ಯ ಇಟ್ಟು ತೆಗೆದ ಆ ಫೋಟೋಗಳನ್ನೂ, ಈವರೆಗಿನ ಇಂಜೆಕ್ಷನ್‌ಗಳ ತಾರೀಖು ಮತ್ತು ಅಳತೆ ಬರೆದ ಚೀಟಿಯನ್ನೂ ತೆಗೆದುಕೊಂಡು ಹೋಗಿ.